ಬಿಸೆತ್ರ್‌ನ ಕಾವಲುಗಾರ

ಹೋದ ವರ್ಷ ಬಂಧುವೊಬ್ಬರನ್ನು ನೋಡುವ ಸಲುವಾಗಿ ಒಂದು ಮನೋರೋಗ ಚಿಕಿತ್ಸಾಲಯಕ್ಕೆ ನಾಲ್ಕಾರು ಬಾರಿ ಹೋಗಬೇಕಾಗಿ ಬಂದಿತು. ಯಾವುದೆಂಬ ವಿಚಾರ ಬೇಡ. ವಾರ್ಡಿನ ಬಾಗಿಲಲ್ಲಿ ಐವತ್ತು ದಾಟಿದ ಕಾವಲುಗಾರನೊಬ್ಬ ಕುಳಿತಿರುತ್ತಿದ್ದ. ಒಂದು ದಿನ ಆತನ ಮುಂಗೈಗೆ ಬ್ಯಾಂಡೇಜು ಸುತ್ತಿತ್ತು.

“ಕೈಗೇನಾಯ್ತು, ಯಜಮಾನ್ರೆ?” ಎಂದೆ.

“ಕಚ್ಚಿಬಿಟ್ಟ ಸಾರ್, ಮೊನ್ನೆ ರಾತ್ರಿ ಬಂದ ಹುಡುಗ. ಪಾಪ, ಹೆದರ್ಕೊಂಡಿದ್ದ.”

ಈ ಕೆಲಸಕ್ಕೆ ಸೇರುವಾಗ ಯಾರಾದರೂ ಏನಾದರೂ ಹೇಳಿಕೊಟ್ಟಿದ್ದರೇ ಎಂದು ವಿಚಾರಿಸಿದೆ. ಹೇಳಿಕೊಟ್ಟಿರಲಿಲ್ಲವಂತೆ, ಒಂದು ಲಾಠಿ ಕೊಟ್ಟಿದ್ದರಂತೆ.

ಮನೆಗೆ ಬಂದ ಮೇಲೂ ಆ ಲಾಠಿ ನನ್ನ ಮನಸ್ಸಿನಿಂದ ಹೋಗಲಿಲ್ಲ. ಮನೋರೋಗಿಗಳ ಸಂಕೋಲೆ ಕಳಚಿದ ಕಥೆಯನ್ನು ನಾವೆಲ್ಲ ಒಂದಲ್ಲ ಒಂದು ಕಡೆ ಓದಿದ್ದೇವೆ. ಫ್ರಾನ್ಸಿನ ವೈದ್ಯ ಫಿಲಿಪ್ ಪಿನೆಲ್ ಅದರ ನಾಯಕ. ತೋನಿ ರೊಬೆರ್ ಫ್ಲೂರಿ 1876ರಲ್ಲಿ ಬರೆದ ಪ್ರಸಿದ್ಧ ಚಿತ್ರದಲ್ಲಿಯೂ ನಡುವೆ ನಿಂತಿರುವವನು ಪಿನೆಲ್ಲನೇ. ಆದರೆ ಅದೇ ಚಿತ್ರದಲ್ಲಿ ಹೆಂಗಸೊಬ್ಬಳ ಕಟ್ಟನ್ನು ಬಿಚ್ಚುತ್ತಿರುವ ಕೈಗಳು ಪಿನೆಲ್ಲನವಲ್ಲ, ಒಬ್ಬ ನೌಕರನವು. ಡಾಕ್ಟರರ ಚರಿತ್ರೆ ಬರೆಯುವವರು ಆ ಕೈಗಳನ್ನು ಬಹುಕಾಲ ಗಮನಿಸಲಿಲ್ಲ.

ಜಾನ್ ಬಾಪ್ತಿಸ್ತ್ ಪ್ಯೂಸಾಂ ಚರ್ಮ ಹದಮಾಡುವ ಕಸುಬಿನವನು. ಗಂಡಮಾಲೆಯ ರೋಗ ತಗಲಿ, ಪ್ಯಾರಿಸ್ಸಿನ ಹತ್ತಿರದ ಬಿಸೆತ್ರ್ ಆಸ್ಪತ್ರೆಗೆ ರೋಗಿಯಾಗಿ ಬಂದವನು ಗುಣವಾದ ಮೇಲೆ ಅಲ್ಲಿಯೇ ಕೆಲಸಕ್ಕೆ ನಿಂತ. 1780ರ ದಶಕದ ನಡುವೆ ಅಲ್ಲಿನ ಮನೋರೋಗಿಗಳ ವಿಭಾಗ ಅವನ ವಶಕ್ಕೆ ಬಂತು. ವೈದ್ಯವಿದ್ಯೆಯ ಗಂಧವಿಲ್ಲ; ಕಣ್ಣಿತ್ತು, ಬರೆದಿಡುವ ಅಭ್ಯಾಸವಿತ್ತು, ಜೊತೆಗೆ ಕೆಲಸದಲ್ಲಿ ಸರಿಸಮನಾದ ಹೆಂಡತಿಯಿದ್ದಳು.

ಅವನು ಮಾಡಿದ ಮುಖ್ಯ ಕಟ್ಟಳೆಯೊಂದು ರೋಗಿಗಳಿಗಲ್ಲ, ಕಾವಲಿನವರಿಗೆ: ಏನೇ ಆಗಲಿ, ರೋಗಿಯ ಮೇಲೆ ಕೈ ಮಾಡಕೂಡದು. ಕಾವಲಿನವರು ತಿರುಗಿಬಿದ್ದರು. ಹೊಡೆಯಬಾರದೆಂದರೆ ನಮ್ಮ ಪ್ರಾಣಕ್ಕೆ ಯಾರು ಹೊಣೆ ಎಂಬುದು ಅವರ ದೂರು. ಈ ದೂರನ್ನು ಕ್ರೂರಿಗಳ ನೆಪವೆಂದು ನಾನು ತಳ್ಳಿಹಾಕಲಾರೆ. ಬ್ಯಾಂಡೇಜು ಸುತ್ತಿದ ಕೈಯನ್ನು ನೋಡಿ ಬಂದವನು. ಕತ್ತಲೆಯ ಕೊಠಡಿಗೆ ಒಬ್ಬನೇ ಹೋಗಬೇಕಾದವನಿಗೆ ಕೋಲೊಂದೇ ಧೈರ್ಯ. ಪ್ಯೂಸಾಂ ಮಾತ್ರ ಜಗ್ಗಲಿಲ್ಲ. ಮಾತು ಕೇಳದವರನ್ನು ಕೆಲಸದಿಂದ ಬಿಡಿಸಿದ. ಗುಣವಾದ ರೋಗಿಗಳನ್ನೇ ಆರಿಸಿ ಕಾವಲಿಗಿಟ್ಟುಕೊಂಡ. ಸರಪಳಿಯ ಭಾರ ಏನೆಂಬುದನ್ನು ಅವರಿಗೆ ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ.

ಕೋಲು ಕಿತ್ತುಕೊಂಡು ಬರಿಗೈಯಲ್ಲಿ ನಿಲ್ಲಿಸಿದನೆಂದಲ್ಲ. 1793ರಲ್ಲಿ ಬಿಸೆತ್ರ್‌ಗೆ ಬಂದ ಪಿನೆಲ್, 1801ರ ತನ್ನ ಗ್ರಂಥದಲ್ಲಿ ಅಲ್ಲಿನ ಕ್ರಮವನ್ನು ವರ್ಣಿಸಿದ್ದಾನೆ. ರೋಗಿಯೊಬ್ಬ ಕೆರಳಿ ನಿಂತಾಗ ಮೇಲ್ವಿಚಾರಕ ಆಯುಧವಿಲ್ಲದೆ, ಅಂಜಿಕೆ ತೋರದೆ, ಮೆಲ್ಲಮೆಲ್ಲನೆ ಎದುರಿನಿಂದ ಬರುತ್ತಾನೆ. ಮಾತನಾಡುತ್ತಲೇ ಅವನ ಗಮನವನ್ನೆಲ್ಲ ತನ್ನ ಕಡೆ ಸೆಳೆದುಕೊಳ್ಳುತ್ತಾನೆ. ಅಷ್ಟರಲ್ಲಿ ಉಳಿದವರು ಹಿಂದಿನಿಂದ ಬಂದು ಒಟ್ಟಿಗೇ ಹಿಡಿಯುತ್ತಾರೆ. ಗಲಾಟೆಯಿಲ್ಲ, ಯಾರಿಗೂ ಪೆಟ್ಟಿಲ್ಲ. ಆದರೆ ಇದಕ್ಕೆ ಜನ ಬೇಕು. ಒಬ್ಬನನ್ನೇ ಬಾಗಿಲಲ್ಲಿ ಕೂರಿಸಿದರೆ ಯಾವ ಉಪಾಯವೂ ನಡೆಯದು.

ಪಿನೆಲ್ 1795ರಲ್ಲಿ ಸಾಲ್ಪೆತ್ರಿಯೇರ್ ಆಸ್ಪತ್ರೆಗೆ ಹೊರಟುಹೋದ. ಬಿಸೆತ್ರ್‌ನಲ್ಲಿ ಸರಪಳಿಗಳು ಬಿದ್ದದ್ದು 1797ರಲ್ಲಿ, ಪ್ಯೂಸಾಂನ ಕೈಯಿಂದ. ಅವುಗಳ ಜಾಗಕ್ಕೆ ತೋಳು ಕಟ್ಟುವ ಬಟ್ಟೆಯ ಅಂಗಿ ಬಂತೆಂಬುದನ್ನೂ ಹೇಳಿಬಿಡಬೇಕು. ಕಬ್ಬಿಣ ಹೋಯಿತು, ಕಟ್ಟು ಪೂರ್ತಿ ಹೋಗಲಿಲ್ಲ. ಇಂಗ್ಲೆಂಡಿನ ಹ್ಯಾನ್‌ವೆಲ್‌ನಲ್ಲಿ ಜಾನ್ ಕಾನಲಿ 1839ರಲ್ಲಿ ಅದನ್ನೂ ಬಿಡಿಸಹೊರಟಾಗ, ತಕ್ಕಷ್ಟು ಮಂದಿ ಒಳ್ಳೆಯ ಪರಿಚಾರಕರಿಲ್ಲದೆ ಇದು ಸಾಗದೆಂದು ಪಟ್ಟುಹಿಡಿದ. ಅಂಥವರಿಗೆಂದೇ ಅಲ್ಲಿ ಒಂದು ಕೈಪಿಡಿ ಅಚ್ಚಾಗಲು 1885 ಬರಬೇಕಾಯಿತು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ರೋಗಿಯನ್ನು ಸರಪಳಿಯಲ್ಲಿ ಬಿಗಿಯುವುದನ್ನೂ ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನೂ ನಿಷೇಧಿಸಿದೆ. ಒಳ್ಳೆಯದೇ. ಆ ಕಾಯಿದೆಯನ್ನು ರಾತ್ರಿ ಎರಡು ಗಂಟೆಗೆ ನಡೆಸಿಕೊಡಬೇಕಾದವನಿಗೆ ಅದನ್ನು ಓದಿಹೇಳಿದವರುಂಟೆ?

ಕನ್ನಡ ಮೇಷ್ಟರ ಚಪಲವನ್ನು ಓದುಗರು ಮನ್ನಿಸಬೇಕು: ಕಾವಲು, ಕಾಪಾಡು, ದಾರಿ ಕಾಯು, ಎಲ್ಲ ಒಂದೇ ಬೇರಿನ ಮಾತುಗಳು. ಪ್ಯೂಸಾಂ ಕಾಯುವುದನ್ನೂ ಬಲ್ಲವನಾಗಿದ್ದ. ತನ್ನ ಹೊಸ ಆಸ್ಪತ್ರೆಗೆ ಅವನನ್ನು ಕಳುಹಿಸಿಕೊಡಿರೆಂದು ಪಿನೆಲ್ ಪಟ್ಟುಬಿಡದೆ ಕೇಳಿ, ಕೊನೆಗೆ 1802ರಲ್ಲಿ ಕರೆಸಿಕೊಂಡ. 1811ರಲ್ಲಿ ತೀರಿಕೊಳ್ಳುವವರೆಗೆ ಪ್ಯೂಸಾಂ ಅಲ್ಲಿಯೇ ಇದ್ದ.

ಬಂಧುಗಳನ್ನು ಮನೆಗೆ ಕರೆತಂದ ದಿನ ನಮ್ಮ ಕಾವಲುಗಾರನ ಕೈ ವಾಸಿಯಾಗಿತ್ತು. ಕಚ್ಚಿದ ಹುಡುಗ ಪಕ್ಕದ ಬೆಂಚಿನಲ್ಲಿ ಕುಳಿತು ಆತನೊಡನೆ ಚಹಾ ಕುಡಿಯುತ್ತಿದ್ದ. ಲಾಠಿಯೆಲ್ಲಿ ಎಂದು ಕೇಳಿದೆ. ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತದೆಂದು ಅದನ್ನು ಬಾಗಿಲಿಗೆ ಒತ್ತುಕೊಟ್ಟಿದ್ದ.