ಕೀಲಕ ಸಂವತ್ಸರದ ಒಂದು ಗುರುವಾರ

ವೃತ್ತಿಯಲ್ಲಿ ನಾನು ಸಿಸ್ಟಮ್ಸ್ ಇಂಜಿನಿಯರ್. ಒಂದೇ ಮಾಹಿತಿ ಎರಡು ಸರ್ವರ್‌ಗಳಲ್ಲಿದ್ದರೆ ಅವೆರಡೂ ತಾಳೆಯಾಗುತ್ತವೋ ಇಲ್ಲವೋ ಅಂತ ನೋಡೋದೇ ದಿನದ ಕೆಲಸ. ರಜೆ ಸಿಕ್ಕರೆ ಎಪಿಗ್ರಾಫಿಯ ಕರ್ನಾಟಿಕ. ಶಾಸನಗಳಲ್ಲಿ ನನಗೆ ಹುಚ್ಚು ಹಿಡಿಸಿದ್ದು ರಾಜರ ಬಿರುದುಗಳಲ್ಲ, ಕಾಲಸೂಚನೆ. ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಇಷ್ಟೂ ಇದ್ದರೆ ಒಂದರಿಂದ ಇನ್ನೊಂದನ್ನು ಪರೀಕ್ಷಿಸಬಹುದು.

ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ ಬುಕ್ಕರಾಯನ ಶಾಸನವನ್ನೇ ತಗೊಳ್ಳಿ. ಶಕ 1290, ಕೀಲಕ ಸಂವತ್ಸರ, ಭಾದ್ರಪದ ಶುದ್ಧ 10, ಬೃಹಸ್ಪತಿವಾರ. ಗತಶಕಕ್ಕೆ 12 ಸೇರಿಸಿ 60ರಿಂದ ಭಾಗಿಸಿದರೆ ಶೇಷವೇ ಸಂವತ್ಸರದ ಕ್ರಮಸಂಖ್ಯೆ. 1302ರಲ್ಲಿ ಶೇಷ 42. ಪ್ರಭವದಿಂದ ಎಣಿಸಿದರೆ 42ನೆಯದು ಕೀಲಕವೇ. ತಿಥಿಯ ಲೆಕ್ಕ 1368ರ ಆಗಸ್ಟ್ 24ಕ್ಕೆ ಬಂದು ನಿಲ್ಲುತ್ತೆ. ಅವತ್ತು ಗುರುವಾರ! ಸ್ವಾಮಿಕಣ್ಣು ಪಿಳ್ಳೆಯವರ ಕೋಷ್ಟಕಗಳನ್ನು ಇಟ್ಟುಕೊಂಡು ಹಿಂದಿನವರು ಕೈಯಲ್ಲೇ ಮಾಡುತ್ತಿದ್ದ ಲೆಕ್ಕ ಇದು. ನನ್ನದು ನಲವತ್ತು ಸಾಲಿನ ಪ್ರೋಗ್ರಾಂ, ಅಷ್ಟೆ.

ಈ ಶಾಸನಕ್ಕೆ ದಿನಾಂಕ ಯಾಕೆ ಮುಖ್ಯ ಅಂದರೆ, ಇದು ಒಂದು ರಾಜಿಯ ದಾಖಲೆ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದು ಜೈನರು ದೂರು ಕೊಟ್ಟಾಗ, ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಗೆ ಕೊಟ್ಟು, ಎರಡು ದರ್ಶನಗಳಿಗೆ ಭೇದವಿಲ್ಲ ಎಂದು ತೀರ್ಪಿತ್ತ. ಪಂಚಮಹಾವಾದ್ಯ, ಕಲಶದ ಹಕ್ಕು ಜೈನರಿಗೆ ಉಳಿಯಿತು. ಬೆಳಗೊಳದ ಕಾವಲಿಗೆ 20 ಆಳುಗಳು. ಅದಕ್ಕೆ ಜೈನರು ಮನೆಗೆ ವರ್ಷಕ್ಕೊಂದು ಹಣ ಕೊಡಬೇಕು. ರಾಜ್ಯದ ಬಸದಿಗಳಲ್ಲೆಲ್ಲ ಈ ಶಾಸನ ನೆಡಬೇಕೆಂದೂ ಹೇಳಿದೆ. ಮಾಗಡಿ ತಾಲ್ಲೂಕಿನ ಕಲ್ಯದಲ್ಲಿ ಇದೇ ರಾಜಿಯ ಇನ್ನೊಂದು ಕಲ್ಲು ಸಿಕ್ಕಿದೆ. ಒಂದು ಪ್ರತಿ ಹಾಳಾದರೂ ಇನ್ನೊಂದು ಇರಲಿ ಅನ್ನೋದು ನಮ್ಮ ಕಾಲದ ಉಪಾಯವೇನಲ್ಲ ನೋಡಿ.

ಎಲ್ಲ ಶಾಸನಗಳೂ ಇಷ್ಟು ಸಲೀಸಲ್ಲ. ಗತ, ವರ್ತಮಾನ ಶಕಗಳ ನಡುವೆ ಒಂದು ವರ್ಷದ ಅಂತರ ಬರುತ್ತೆ. ವಾರ ಒಂದು ದಿನ ಆಚೀಚೆ ಆಗುತ್ತೆ. ಶಕವೂ ಸಂವತ್ಸರವೂ ಜಗಳವಾಡಿದರೆ ನಾನು ಸಾಮಾನ್ಯವಾಗಿ ಸಂವತ್ಸರದ ಪಕ್ಷ. ಜನ ದಿನನಿತ್ಯ ಬಳಸುತ್ತಿದ್ದದ್ದು ಆ ಹೆಸರನ್ನೇ.

ಆದರೆ ಪಾಠವನ್ನು ಲೆಕ್ಕಕ್ಕೆ ತಕ್ಕಂತೆ ತಿದ್ದುವುದು ಮಾತ್ರ ಕೂಡದು. ಸವೆದ ಅಕ್ಷರ "ಶುದ್ಧ" ಎಂದೇ ಇರಬೇಕು ಅಂತ ಪ್ರೋಗ್ರಾಂ ಹೇಳಿದರೂ ಕಲ್ಲಿನಲ್ಲಿ ಕಾಣದಿದ್ದರೆ ಅದು ಊಹೆಯೇ. ಒಮ್ಮೆ ಮುದ್ರಣಕ್ಕೆ ಹೋದರೆ ಊಹೆಯೇ ಪಾಠವಾಗಿ, ಮುಂದಿನವರು ಅದನ್ನೇ ಆಧಾರ ಅಂತ ಎತ್ತಿ ತೋರಿಸುತ್ತಾರೆ; ಅಷ್ಟು ಹೊತ್ತಿಗೆ ಕಲ್ಲು ರಸ್ತೆ ಅಗಲೀಕರಣಕ್ಕೆ ಹೋಗಿರಬಹುದು. ಅದಕ್ಕೇ ನನ್ನ ಕಡತದಲ್ಲಿ ಎರಡು ಅಂಕಣ: ಕಲ್ಲು ಹೇಳಿದ್ದು ಒಂದರಲ್ಲಿ, ಲೆಕ್ಕ ಹೇಳಿದ್ದು ಇನ್ನೊಂದರಲ್ಲಿ.