ಹಸಿದ ದೇಶಕ್ಕೆ ಸಿನಿಮಾ ಹಾಡೇಕೆ? ರೇಡಿಯೋ ಹೇಳುವ ಕಥೆ

ಊರ ಕಡೆ ಬರ, ಇನ್ನೊಂದು ಕಡೆ ಪ್ರವಾಹ, ಮತ್ತೆಲ್ಲೋ ಯುದ್ಧ. ಇಂಥ ಹೊತ್ತಿನಲ್ಲಿ ನಮಗೆ ಅಂತ್ಯಾಕ್ಷರಿ ಬೇಕೆ? ಹಳೆಯ ಚಿತ್ರಗೀತೆಗಳ ಸಂಜೆ ಬೇಕೆ? ಮಹಿಳಾ ವಿಭಾಗದ ಸಭೆಗಳಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ವರ್ಷ ಬಂದೇ ಬರುತ್ತದೆ. ಕೇಳುವವರ ಮನಸ್ಸು ಒಳ್ಳೆಯದೇ. ಉತ್ತರ ಕೊಡಲು ಮಾತ್ರ ನಾವೆಲ್ಲ ತಡವರಿಸುತ್ತೇವೆ. "ಮನಸ್ಸಿಗೆ ಸ್ವಲ್ಪ ಸಂತೋಷ ಬೇಡವೇನ್ರೀ" ಎಂದು ಯಾರೋ ಅನ್ನುತ್ತಾರೆ, ಚಹಾ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಈ ಪ್ರಶ್ನೆಯನ್ನು ಸ್ವತಂತ್ರ ಭಾರತ ಒಮ್ಮೆ ಸರ್ಕಾರದ ಮಟ್ಟದಲ್ಲೇ ಕೇಳಿಕೊಂಡಿತ್ತು. ಕೇಳಿದ್ದಷ್ಟೇ ಅಲ್ಲ, ಉತ್ತರವನ್ನು ಜಾರಿಗೂ ತಂದಿತ್ತು. ಆ ಐದು ವರ್ಷಗಳ ಕಥೆ ನಮ್ಮಂಥ ಸಂಘದವರಿಗೆ ಗೊತ್ತಿರಬೇಕು ಎನ್ನಿಸಿ ಇಲ್ಲಿ ಬರೆಯುತ್ತಿದ್ದೇನೆ.

1952. ಮೊದಲ ಮಹಾಚುನಾವಣೆ ಆಗಷ್ಟೇ ಮುಗಿದಿತ್ತು. 1951ರ ಜನಗಣತಿಯ ಪ್ರಕಾರ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ 18.33. ಹೆಂಗಸರಲ್ಲಿ ಅದು ಬರೀ 8.86. ದೇಶ ವಿಭಜನೆಯಲ್ಲಿ ಮನೆ ಕಳೆದುಕೊಂಡವರು ಇನ್ನೂ ಶಿಬಿರಗಳಲ್ಲಿದ್ದರು. ಧಾನ್ಯ ಹೊರದೇಶದಿಂದ ಬರಬೇಕಿತ್ತು, ಪಡಿತರದ ಸಾಲುಗಳು ಉದ್ದವಿದ್ದವು. ಆಗ ವಾರ್ತಾ ಮತ್ತು ಪ್ರಸಾರ ಸಚಿವರಾಗಿ ಬಂದವರು ಡಾ. ಬಿ. ವಿ. ಕೇಸ್ಕರ್. ಪ್ಯಾರಿಸ್ಸಿನಲ್ಲಿ ಓದಿದವರು, ಶಾಸ್ತ್ರೀಯ ಸಂಗೀತವನ್ನು ಬಹಳ ಪ್ರೀತಿಸಿದವರು. ಬಡ ದೇಶದ ರೇಡಿಯೋ ಜನರ ಅಭಿರುಚಿಯನ್ನು ಎತ್ತರಿಸಬೇಕು, ಅಗ್ಗದ ಸಿನಿಮಾ ಹಾಡುಗಳಿಗೆ ಅಲ್ಲಿ ಜಾಗ ಇರಬಾರದು ಎಂಬುದು ಅವರ ನಂಬಿಕೆ.

ಮೊದಲು ಚಿತ್ರಗೀತೆಗಳ ಸಮಯಕ್ಕೆ ಕತ್ತರಿ ಬಿತ್ತು. ಬಳಿಕ ಯಾವ ಹಾಡು ಯೋಗ್ಯ, ಯಾವುದು ಅಲ್ಲ ಎಂಬ ಸೋಸುವಿಕೆ. ಹಾಡಿನ ಜೊತೆ ಚಿತ್ರದ ಹೆಸರು ಹೇಳಿದರೆ ಅದು ಪುಕ್ಕಟೆ ಜಾಹೀರಾತಾಗುತ್ತದೆ ಎಂದು ಹೆಸರು ಹೇಳುವುದನ್ನೂ ನಿಲ್ಲಿಸಿದರು. ಮುಂಬಯಿಯ ನಿರ್ಮಾಪಕರು ಸಿಟ್ಟಾಗಿ ಹಾಡುಗಳ ಪರವಾನಗಿಯನ್ನೇ ಹಿಂದಕ್ಕೆ ಪಡೆದರು. ಕೆಲವೇ ತಿಂಗಳಲ್ಲಿ ಆಕಾಶವಾಣಿಯಲ್ಲಿ ಚಿತ್ರಗೀತೆ ಬಹುತೇಕ ನಿಂತೇಹೋಯಿತು.

ಕೇಸ್ಕರ್ ಅವರನ್ನು ಗೇಲಿ ಮಾಡಿ ಬಿಡುವುದು ಸುಲಭ. ಆದರೆ ಅವರ ಕಾಲದಲ್ಲಿ ಆದ ಒಳ್ಳೆಯ ಕೆಲಸವನ್ನು ಮರೆಯಬಾರದು. 1952ರಲ್ಲೇ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು, 1954ರಲ್ಲಿ ರೇಡಿಯೋ ಸಂಗೀತ ಸಮ್ಮೇಳನ. ರಾಜರ ಆಶ್ರಯ ತಪ್ಪಿದ್ದ ನೂರಾರು ಕಲಾವಿದರಿಗೆ ಆಕಾಶವಾಣಿ ಅನ್ನ ಕೊಟ್ಟಿತು. 1950ರಲ್ಲಿ ಆರಂಭವಾದ ಧಾರವಾಡ ಕೇಂದ್ರದ ಮೂಲಕ ಮಲ್ಲಿಕಾರ್ಜುನ ಮನಸೂರ ಅವರಂಥವರ ಗಾಯನ ಹಳ್ಳಿಹಳ್ಳಿಗೆ ತಲುಪಿತು. ಚಿತ್ರಗೀತೆಗೆ ಬದಲಾಗಿ ಆಕಾಶವಾಣಿ ಬೆಳೆಸಿದ ಸುಗಮ ಸಂಗೀತ, ನಮ್ಮ ಸಂಘಗಳಲ್ಲಿ ಇಂದು ನಡೆಯುವ ಭಾವಗೀತೆಯ ಸಂಜೆಗಳಿಗೂ ಒಂದು ಮೂಲ. ಹಾಗಾಗಿ 'ಒಳ್ಳೆಯದನ್ನು ಕೊಡಬೇಕು' ಎಂಬ ಹಟದಿಂದ ನಮಗೆ ಲಾಭವೂ ಆಗಿದೆ.

ತೊಂದರೆ ಇದ್ದದ್ದು ಇನ್ನೊಂದು ಕಡೆ. ಯಾವುದು ಘನ, ಯಾವುದು ಕ್ಷುಲ್ಲಕ ಎಂದು ತೀರ್ಮಾನಿಸುವವರು ಯಾರು? ಕೇಸ್ಕರ್ ತಲೆಯ ಮೇಲಿಟ್ಟುಕೊಂಡ ಅದೇ ಶಾಸ್ತ್ರೀಯ ಸಂಗೀತವನ್ನು ಹೆಂಗಸರು ಹಾಡಿದಾಗ ಸಮಾಜ ಏನೆಂದಿತ್ತು? 1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಅವರು ಬಾಲ್ಯದಲ್ಲಿ ಬೀದಿಯಲ್ಲಿ ನಡೆದುಹೋಗುವಾಗ ಹಾಡುವವಳೆಂದು ಹೀಯಾಳಿಸಿಕೊಂಡದ್ದನ್ನು ತಾವೇ ನೆನೆದಿದ್ದಾರೆ. ಮೂವತ್ತರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ಅವರ ಮೊದಲ ಗ್ರಾಮಫೋನ್ ತಟ್ಟೆಗಳು ಬಂದಾಗ ಮೇಲಿದ್ದ ಹೆಸರು ಗಾಂಧಾರಿ. ಸ್ವಾತಂತ್ರ್ಯದ ಹೊಸ್ತಿಲಲ್ಲಿ, ಸರ್ದಾರ್ ಪಟೇಲರು ಪ್ರಸಾರ ಖಾತೆ ನೋಡಿಕೊಳ್ಳುತ್ತಿದ್ದಾಗ, ಖಾಸಗಿ ಬದುಕು ಮರ್ಯಾದಸ್ಥವಲ್ಲ ಎನ್ನಿಸಿದ ಗಾಯಕಿಯರಿಗೆ ರೇಡಿಯೋ ಬಾಗಿಲು ಮುಚ್ಚಿತು. ತಲೆಮಾರುಗಳಿಂದ ಠುಮ್ರಿ, ದಾದ್ರಾ ಉಳಿಸಿಕೊಂಡು ಬಂದವರು ಆ ಹೆಂಗಸರೇ. ಹಾಡನ್ನು ಇಟ್ಟುಕೊಂಡು ಹಾಡಿದವಳನ್ನು ಹೊರಗೆ ಕಳಿಸಿದ ಹಾಗಾಯಿತು. ಒಂದು ತಲೆಮಾರು ಹಗುರವೆಂದು ಕಂಡದ್ದನ್ನು ಮುಂದಿನ ತಲೆಮಾರು ಪರಂಪರೆ ಎನ್ನುತ್ತದೆ. ಈ ಪಟ್ಟಿಯನ್ನು ಬರೆಯುವ ಕೈ ಮಾತ್ರ ಯಾವಾಗಲೂ ಅನುಕೂಲಸ್ಥರದೇ.

ಜನ ಏನು ಮಾಡಿದರು? ಗುಂಡಿ ತಿರುಗಿಸಿದರು, ಅಷ್ಟೆ. ಕೊಲಂಬೊದಲ್ಲಿ ರೇಡಿಯೋ ಸಿಲೋನ್ ಇತ್ತು. ಅದರ ಪ್ರಬಲ ಶಾರ್ಟ್‌ವೇವ್ ಪ್ರೇಷಕದ ಹಿನ್ನೆಲೆ ಸ್ವಾರಸ್ಯವಾಗಿದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಆಗ್ನೇಯ ಏಷ್ಯಾದಲ್ಲಿ ಹೋರಾಡುತ್ತಿದ್ದ ಸೈನಿಕರಿಗೆ ಸುದ್ದಿ, ಹಾಡು, ಮನರಂಜನೆ ಮುಟ್ಟಿಸಲೆಂದು ಮಿತ್ರಪಡೆಗಳು ಕಟ್ಟಿದ ಕೇಂದ್ರ ಅದು. ಗುಂಡಿಗೆ ಎದೆ ಕೊಡುವವನಿಗೂ ಸಂಜೆಗೊಂದು ಹಾಡು ಬೇಕು ಎಂಬುದು ಸೇನೆಗೆ ತಿಳಿದಿತ್ತು. ಯುದ್ಧ ಮುಗಿದ ಮೇಲೆ ಅದೇ ಯಂತ್ರ ಪಡಿತರದ ಸಾಲಿನಲ್ಲಿ ನಿಂತು ದಣಿದ ಭಾರತೀಯರಿಗೆ ಹಾಡು ಕೇಳಿಸಿತು.

1952ರ ಡಿಸೆಂಬರಿನಲ್ಲಿ ಆ ಕೇಂದ್ರದಿಂದ 'ಬಿನಾಕಾ ಗೀತಮಾಲಾ' ಆರಂಭವಾಯಿತು. ಹಲ್ಲುಜ್ಜುವ ಪೇಸ್ಟಿನ ಕಂಪನಿಯೊಂದರ ಪ್ರಾಯೋಜಿತ ಕಾರ್ಯಕ್ರಮ. ಮುಂಬಯಿಯಲ್ಲಿ ಧ್ವನಿಮುದ್ರಿಸಿ ವಿಮಾನದಲ್ಲಿ ಕೊಲಂಬೊಗೆ ಕಳಿಸುತ್ತಿದ್ದರು. ನಿರೂಪಕ ಇಪ್ಪತ್ತು ವರ್ಷದ ಅಮೀನ್ ಸಯಾನಿ. ಮೊದಲ ಕಾರ್ಯಕ್ರಮಕ್ಕೇ ಸುಮಾರು 9,000 ಪತ್ರಗಳು ಬಂದವೆಂದು ಅವರು ಮುಂದೆ ಹೇಳುತ್ತಿದ್ದರು. ಹಗುರ ಮನರಂಜನೆ ಎಂದರೆ ಇದಕ್ಕಿಂತ ಹಗುರವಾದದ್ದು ಇನ್ನೇನಿದೆ? ಪೇಸ್ಟಿನ ಜಾಹೀರಾತು, ಪ್ರೇಮಗೀತೆ, ಈ ವಾರ ಯಾವ ಹಾಡು ಯಾವ ಮೆಟ್ಟಿಲು ಹತ್ತಿತು ಎಂಬ ಕುತೂಹಲ.

ಆದರೆ ಆ ಧ್ವನಿಯ ಹಿಂದೆ ಒಬ್ಬ ತಾಯಿ ಇದ್ದರು. ಕುಲ್ಸುಂ ಸಯಾನಿ ಮುಂಬಯಿಯಲ್ಲಿ ವಯಸ್ಕರ ಶಿಕ್ಷಣಕ್ಕೆ ಬದುಕನ್ನೇ ಕೊಟ್ಟವರು. ಹೊಸದಾಗಿ ಅಕ್ಷರ ಕಲಿತವರಿಗಾಗಿ 'ರಹಬರ್' ಎಂಬ ಪತ್ರಿಕೆಯನ್ನು ನಾಗರಿ, ಉರ್ದು, ಗುಜರಾತಿ ಲಿಪಿಗಳಲ್ಲಿ, ಸರಳ ಹಿಂದೂಸ್ತಾನಿಯಲ್ಲಿ ತರುತ್ತಿದ್ದರು. ಗಾಂಧೀಜಿಯ ಪ್ರೋತ್ಸಾಹವಿತ್ತು. ಆ ಕೆಲಸದಲ್ಲಿ ತಾಯಿಗೆ ನೆರವಾಗುತ್ತಲೇ ಅಮೀನ್ ಎಲ್ಲರಿಗೂ ಅರ್ಥವಾಗುವ ಮಾತನ್ನು ಕಲಿತರು. ತಾಯಿ ಸಾಕ್ಷರತೆಗೆ ಬಳಸಿದ ಭಾಷೆಯನ್ನು ಮಗ ಚಿತ್ರಗೀತೆಗೆ ಬಳಸಿದ. ಒಂದು ಘನಕಾರ್ಯ, ಇನ್ನೊಂದು ಹಗುರ. ಆದರೆ ಎರಡರಲ್ಲೂ ಇದ್ದದ್ದು ಕೇಳುವವರನ್ನು ಕೀಳಾಗಿ ಕಾಣದ ಒಂದೇ ಗುಣ.

ನಮ್ಮ ಅತ್ತೆ ಐವತ್ತರ ದಶಕದಲ್ಲಿ ಮದುವೆಯಾಗಿ ಮುಂಬಯಿಗೆ ಬಂದವರು. ಪರೇಲಿನ ಚಾಳಿನ ಒಂದೇ ಖೋಲಿಯಲ್ಲಿ ಏಳು ಜನ. ಅವರಿದ್ದ ಮಾಳಿಗೆಗೆಲ್ಲ ರೇಡಿಯೋ ಇದ್ದದ್ದು ಒಬ್ಬರ ಮನೆಯಲ್ಲಿ. ಬುಧವಾರ ರಾತ್ರಿ ಎಂಟಕ್ಕೆ ಗೀತಮಾಲಾ. ಅವತ್ತು ಹೆಂಗಸರೆಲ್ಲ ಬೇಗ ಅಡುಗೆ ಮುಗಿಸಿ, ಸ್ಟವ್ ಆರಿಸಿ, ಗ್ಯಾಲರಿಯಲ್ಲಿ ಸಾಲಾಗಿ ಕೂರುತ್ತಿದ್ದರಂತೆ. ಕೊಂಕಣಿಯವರು, ಮರಾಠಿಯವರು, ತೆಲುಗಿನವರು, ನಮ್ಮವರು. ಅತ್ತೆಗೆ ಹಿಂದಿ ಬರುತ್ತಿರಲಿಲ್ಲ. "ನಾನು ಹಿಂದಿ ಕಲಿತದ್ದೇ ಆ ಮನುಷ್ಯನ ಮಾತು ಕೇಳಿ" ಎನ್ನುತ್ತಿದ್ದರು. ನಲ್ಲಿಯಲ್ಲಿ ನೀರು ಬರುವ ಹೊತ್ತು, ಗಂಡಸರ ಪಾಳಿಯ ಹೊತ್ತು, ಮಕ್ಕಳ ಶಾಲೆಯ ಹೊತ್ತು, ಹೀಗೆ ದಿನದ ಎಲ್ಲ ಗಂಟೆಗಳೂ ಬೇರೆಯವರದು. ವಾರಕ್ಕೆ ಆ ಒಂದು ಗಂಟೆ ಮಾತ್ರ ಅವರದು. ಬಡತನ ಎಂದಾಗ ನಾವು ಅಕ್ಕಿ, ಬಟ್ಟೆ, ಸೂರು ಲೆಕ್ಕ ಹಾಕುತ್ತೇವೆ. ಬಿಡುವಿಲ್ಲದಿರುವುದೂ ಬಡತನವೇ, ಅದರಲ್ಲೂ ಹೆಂಗಸರ ಪಾಲಿಗೆ. ಆ ಒಂದು ಗಂಟೆಯನ್ನು ಕ್ಷುಲ್ಲಕ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕೊನೆಗೆ ಸರ್ಕಾರವೂ ಮಣಿಯಿತು. 1957ರ ಅಕ್ಟೋಬರ್ 3ರಂದು ಪಂಡಿತ್ ನರೇಂದ್ರ ಶರ್ಮರ ನೇತೃತ್ವದಲ್ಲಿ 'ವಿವಿಧ ಭಾರತಿ' ಆರಂಭವಾಯಿತು. ಕೇಸ್ಕರ್ ಅವರೇ ಆಗಲೂ ಸಚಿವರು, 1962ರವರೆಗೂ ಅವರೇ. ಆಗ ದೇಶದ ಕಷ್ಟ ತೀರಿತ್ತೇ? ಇಲ್ಲ. ವಿದೇಶಿ ವಿನಿಮಯ ಬರಿದಾಗುತ್ತಿತ್ತು, ಅಮೆರಿಕದ ಗೋಧಿಗೆ ಒಪ್ಪಂದವಾಗಿತ್ತು. ಕಷ್ಟ ತೀರಿದ ಮೇಲೆ ಹಾಡು ಎಂದು ಕಾದಿದ್ದರೆ ಆ ದಿನ ಇನ್ನೂ ಬಂದಿರುತ್ತಿರಲಿಲ್ಲ. 1967ರಲ್ಲಿ ಮುಂಬಯಿ, ಪುಣೆ, ನಾಗಪುರಗಳಲ್ಲಿ ವಿವಿಧ ಭಾರತಿಗೆ ಜಾಹೀರಾತೂ ಬಂತು, ಬೇಡವೆಂದ ಹಾಡುಗಳೇ ಆಕಾಶವಾಣಿಗೆ ಹಣ ತಂದವು.

ಹಾಡಿನಿಂದಾಗಿ ಉಪಯುಕ್ತವಾದದ್ದು ಹಿಂದೆ ಬಿತ್ತೇ ಎಂದರೆ ಅದೂ ಇಲ್ಲ. 1956ರಲ್ಲಿ ಯುನೆಸ್ಕೋ ನೆರವಿನಿಂದ ಪುಣೆ ಆಕಾಶವಾಣಿ ಕೇಂದ್ರ ಸುತ್ತಲಿನ ಐದು ಜಿಲ್ಲೆಗಳ ಸುಮಾರು 150 ಹಳ್ಳಿಗಳಲ್ಲಿ ರೈತರ ರೇಡಿಯೋ ಕೂಟಗಳನ್ನು ನಡೆಸಿತು. ಊರವರು ಒಟ್ಟಿಗೆ ಕೂತು ಬೇಸಾಯ, ಆರೋಗ್ಯ, ಸಹಕಾರ ಸಂಘದ ವಿಷಯ ಕೇಳಿ ಚರ್ಚಿಸುತ್ತಿದ್ದರು. ಜನ ಅಲ್ಲಿ ಹಾಡು ಬೇಕೆಂದು ಎದ್ದು ಹೋಗಲಿಲ್ಲ. ಅದೇ ಪೆಟ್ಟಿಗೆಯಿಂದ ಬಿತ್ತನೆಯ ಮಾತೂ ಬಂತು, ಪ್ರೇಮಗೀತೆಯೂ ಬಂತು. ಯಾವುದಕ್ಕೆ ಯಾವ ಹೊತ್ತು ಎಂಬುದು ಜನರಿಗೆ ಗೊತ್ತಿತ್ತು.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಹಾಡು ಕೋರಿ ಬರೆಯುವವರ ಊರೆಂದೇ ಹೆಸರಾದದ್ದು ಝುಮ್ರಿ ತಲೈಯಾ, ಇಂದಿನ ಝಾರ್ಖಂಡಿನಲ್ಲಿದೆ. ಹೆಸರು ಕೇಳಿ ನಗುತ್ತಿದ್ದ ಹಲವರಿಗೆ ಆ ಊರು ನಿಜವಾಗಿ ಇದೆಯೆಂದೇ ಗೊತ್ತಿರಲಿಲ್ಲ. ಅದು ಅಭ್ರಕದ ಗಣಿಗಳ ಸೀಮೆ. ರೇಡಿಯೋದ ಒಳಗಿನ ಬಿಡಿಭಾಗಗಳಿಗೂ ಅಭ್ರಕ ಬೇಕಿತ್ತು. ನಾವು ಹಾಡು ಕೇಳಿದ ಪೆಟ್ಟಿಗೆಯ ಹಿಂದೆ ಗಣಿಗೆ ಇಳಿದವರ, ಅಭ್ರಕದ ಹಾಳೆಗಳನ್ನು ಸೀಳುತ್ತ ಕೂತ ಹೆಂಗಸರು ಮಕ್ಕಳ ದುಡಿಮೆ ಇತ್ತು. ಹಾಡು ಅವರ ಕೂಲಿಯನ್ನು ಒಂದು ಕಾಸೂ ಹೆಚ್ಚಿಸಲಿಲ್ಲ. ಹಾಗಾಗಿ ಮನರಂಜನೆಯೇ ಸಮಾಜಸೇವೆ ಎಂದು ನಾವು ಬೀಗುವಂತಿಲ್ಲ. ಹಾಡಿನ ಕೆಲಸ ಹಾಡಿನದು, ಕೂಲಿಯ ನ್ಯಾಯದ ಕೆಲಸ ಬೇರೆ. ಮೊದಲನೆಯದನ್ನು ನಿಲ್ಲಿಸಿದ ಮಾತ್ರಕ್ಕೆ ಎರಡನೆಯದು ನಡೆಯುವುದಿಲ್ಲ. ಐದು ವರ್ಷ ಚಿತ್ರಗೀತೆ ನಿಂತಿತು, ಅದರಿಂದ ಯಾರ ತಟ್ಟೆಗೂ ಒಂದು ತುತ್ತು ಹೆಚ್ಚು ಬೀಳಲಿಲ್ಲ.

ಗಮನ ಕೊಟ್ಟು ಕೇಳಿದಾಗ ಮಾತ್ರ ಹಗುರವಾದ ಹಾಡೂ ಒಮ್ಮೊಮ್ಮೆ ನ್ಯಾಯದ ಬಾಗಿಲು ತೆರೆದದ್ದುಂಟು. 1949ರ 'ಮಹಲ್' ಚಿತ್ರದ ಗ್ರಾಮಫೋನ್ ತಟ್ಟೆಯ ಮೇಲೆ ಹಾಡಿದವರ ಹೆಸರೆಂದು ಅಚ್ಚಾದದ್ದು 'ಕಾಮಿನಿ', ಅಂದರೆ ಕಥೆಯ ಪಾತ್ರದ ಹೆಸರು. ಹಾಡು ರೇಡಿಯೋದಲ್ಲಿ ಬಂದಾಗ ಇದನ್ನು ಹಾಡಿದವರು ಯಾರು ಎಂದು ಕೇಳುಗರು ಬಿಡದೆ ವಿಚಾರಿಸಿದರು. ಕಂಪನಿಯಿಂದ ಹೆಸರು ತರಿಸಿಕೊಂಡು ರೇಡಿಯೋದಲ್ಲಿ ಹೇಳಬೇಕಾಯಿತು: ಲತಾ ಮಂಗೇಶ್ಕರ್. ತಂದೆಯನ್ನು ಕಳೆದುಕೊಂಡು ಹದಿಮೂರನೇ ವಯಸ್ಸಿನಿಂದ ಮನೆ ನಡೆಸಲು ದುಡಿಯುತ್ತಿದ್ದ ಹುಡುಗಿಯ ಹೆಸರನ್ನು ಹೊರಗೆ ತಂದದ್ದು ಸಿನಿಮಾ ಹಾಡಿನ ಮರುಳು ಹಿಡಿದ ಸಾಮಾನ್ಯ ಕೇಳುಗರು. ಹಾಡನ್ನು ಕೀಳೆಂದು ತಳ್ಳಿದ್ದರೆ ಹಾಡಿದವಳ ಹೆಸರನ್ನು ಕೇಳುವವರೇ ಇರುತ್ತಿರಲಿಲ್ಲ.

ಈ ಕಥೆಯಿಂದ ನನಗೆ ತೋಚಿದ್ದು ಇಷ್ಟು. ಲೋಕದಲ್ಲಿ ಕಷ್ಟ ಇರುವಾಗ ಹಾಡು ಬೇಕೆ ಎಂದು ಕೇಳುವವರು ಸಾಮಾನ್ಯವಾಗಿ ತಾವೇ ಹಾಡು ಬಿಟ್ಟವರಲ್ಲ, ಇನ್ನೊಬ್ಬರ ಪರವಾಗಿ ಬಿಡಲು ಹೊರಟವರು. ಕಷ್ಟದಲ್ಲಿರುವವರನ್ನು ಕೇಳಿದರೆ ಅನ್ನವೂ ಬೇಕು, ಹಾಡೂ ಬೇಕು ಎನ್ನುತ್ತಾರೆ. ಆದ್ದರಿಂದ ನಮ್ಮ ಕಾರ್ಯಕ್ರಮಗಳು ನಡೆಯಲಿ. ಬರಪರಿಹಾರಕ್ಕೆ ಕೊಡುವುದನ್ನು ಅದರ ನೆಪದಲ್ಲಿ ಕಡಿಮೆ ಮಾಡದಿರೋಣ. ವೇದಿಕೆ ಕಟ್ಟುವವರಿಗೆ, ಮೈಕ್ ನೋಡಿಕೊಳ್ಳುವ ಹುಡುಗನಿಗೆ, ತಬಲಾದವರಿಗೆ ಸರಿಯಾದ ಸಂಭಾವನೆ ಕೊಡೋಣ. ನಮ್ಮ ಮನೆಗಳಲ್ಲಿ ಕೆಲಸ ಮಾಡುವ ಬಾಯಿಯರಿಗೂ ಅವತ್ತು ರಜೆ ಕೊಟ್ಟು ಸಭಾಂಗಣದಲ್ಲಿ ಕುರ್ಚಿ ಕೊಡೋಣ. ಹಾಡು ಎಲ್ಲರಿಗೂ ಬೇಕು ಎಂದ ಮೇಲೆ ಅವರನ್ನು ಬಿಟ್ಟು ಹಾಡಿಕೊಳ್ಳುವುದು ಸರಿಯಲ್ಲ.

ಕೊನೆಯದಾಗಿ ಓದುಗರಲ್ಲಿ ಒಂದು ಕೋರಿಕೆ. 'ಆಕಾಶವಾಣಿ' ಎಂಬ ಹೆಸರೇ ನಮ್ಮ ಮೈಸೂರಿನದು, 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲಿ ಆರಂಭಿಸಿದ ರೇಡಿಯೋ ಕೇಂದ್ರದಿಂದ ಬಂದದ್ದು. ಆ ಚರಿತ್ರೆ ಪುಸ್ತಕದಲ್ಲಿದೆ. ಆದರೆ ಪರವೂರಿಗೆ ಬಂದ ನಮ್ಮ ಅಮ್ಮಂದಿರು, ಅತ್ತೆಯಂದಿರು ಯಾರ ಮನೆಯ ರೇಡಿಯೋ ಮುಂದೆ ಕೂತರು, ಯಾವ ಹಾಡಿಗೆ ಕಾದರು, ಅದರಿಂದ ಯಾವ ಭಾಷೆ ಕಲಿತರು ಎಂಬುದು ಎಲ್ಲಿಯೂ ಬರೆದಿಲ್ಲ. ಎಂಬತ್ತು ದಾಟಿದವರು ನಿಮ್ಮ ಮನೆಯಲ್ಲಿದ್ದರೆ ಈ ವಾರವೇ ಕೇಳಿ ಬರೆದಿಟ್ಟುಕೊಳ್ಳಿ. "ಅದೇನು ದೊಡ್ಡ ವಿಷಯ" ಎಂದು ಅವರು ಮೊದಲು ತಳ್ಳಿಹಾಕಬಹುದು. ಬಿಡಬೇಡಿ, ಇನ್ನೊಮ್ಮೆ ಕೇಳಿ.