ಕಲ್ಲುಚೂರುಗಳಿಂದ ಪ್ರಾಚೀನ ನದಿಪಥಗಳ ಶೋಧ: ಥೇಮ್ಸ್ ನದಿ

ನದಿ ಬಿಟ್ಟುಹೋದ ಜಲ್ಲಿಯಲ್ಲಿ ಯಾವ ಸೀಮೆಯ ಬಂಡೆಯ ಚೂರುಗಳಿವೆ ಎಂದು ಗುರುತಿಸಿ, ಅದರ ಹಳೆಯ ಹರಿವನ್ನು ಪತ್ತೆಹಚ್ಚುವ ಭೂವೈಜ್ಞಾನಿಕ ವಿಧಾನ. ಇದರ ಬೆಳವಣಿಗೆಗೆ ಇಂಗ್ಲೆಂಡಿನ ಥೇಮ್ಸ್ ಒಳ್ಳೆಯ ನಿದರ್ಶನ.

1821ರಲ್ಲಿ ವಿಲಿಯಂ ಬಕ್‌ಲ್ಯಾಂಡ್, ಮಧ್ಯ ಇಂಗ್ಲೆಂಡಿನ ಲಿಕಿ ಬೆಟ್ಟದ ಸುತ್ತಲ ಕ್ವಾರ್ಟ್‌ಜೈಟ್ ಉರುಟುಕಲ್ಲುಗಳು ಆಕ್ಸ್‌ಫರ್ಡಿನಿಂದ ಲಂಡನ್ನಿನವರೆಗೂ ಹರಡಿರುವುದನ್ನು ವಿವರಿಸಿದ. ಅವನ್ನು ಹೊತ್ತು ತಂದದ್ದು ಮಹಾಪ್ರಳಯವೆಂಬ ಅವನ ತೀರ್ಮಾನ ನಿಲ್ಲಲಿಲ್ಲ. ನಡುವೆ ಕಾಟ್ಸ್‌ವೋಲ್ಡ್ ಗುಡ್ಡಸಾಲು ಇದ್ದರೂ ಕಲ್ಲುಗಳು ದಾಟಿ ಬಂದಿವೆ ಎಂಬ ಗಮನಿಕೆ ಮಾತ್ರ ಉಳಿಯಿತು. ಮುಂದಿನ ಸಂಶೋಧನೆಗೆ ಅದೂ ಒಂದು ಬುನಾದಿ.

1938ರಲ್ಲಿ ಎಸ್. ಡಬ್ಲ್ಯು. ವುಲ್‌ರಿಡ್ಜ್, ಥೇಮ್ಸ್ ಹಿಂದೆ ಲಂಡನ್ನಿನ ಉತ್ತರಕ್ಕೆ ಹರಿಯುತ್ತಿತ್ತು, ಹಿಮದ ಹಾಸು ಅದನ್ನು ದಕ್ಷಿಣಕ್ಕೆ ತಳ್ಳಿತು ಎಂದು ವಾದಿಸಿದ. 1976ರಲ್ಲಿ ರೋಸ್, ಆಲನ್ ಮತ್ತು ಹೇ ಸಫೋಕ್–ಎಸೆಕ್ಸ್ ಪ್ರದೇಶದ ಕೆಸ್‌ಗ್ರೇವ್ ಜಲ್ಲಿಯನ್ನು ಪ್ರಾಚೀನ ಥೇಮ್ಸ್‌ನ ನಿಕ್ಷೇಪವೆಂದು ಗುರುತಿಸಿದರು. ನದಿ ಈಗಿನ ಕಣಿವೆಗೆ ತಿರುಗಿದ್ದು ಸುಮಾರು 4.5 ಲಕ್ಷ ವರ್ಷಗಳ ಹಿಂದೆ.

ಕೆಲಸ ನಡೆಯುವುದು ಜರಡಿ ಮತ್ತು ಎಣಿಕೆಯಿಂದ. ಒಂದೇ ಗಾತ್ರದ ನೂರಾರು ಕಲ್ಲುಗಳನ್ನು ಆರಿಸಿ, ಶಿಲೆಯ ಪ್ರಕಾರ ವಿಂಗಡಿಸಿ, ಪ್ರಮಾಣ ಲೆಕ್ಕಹಾಕುತ್ತಾರೆ. ಚಕಮಕಿ ಕಲ್ಲು ಇಲ್ಲಿ ಹೆಚ್ಚೇನೂ ಹೇಳದು; ಆಗ್ನೇಯ ಇಂಗ್ಲೆಂಡಿನ ಸೀಮೆಸುಣ್ಣದ ಬಂಡೆಯಲ್ಲೆಲ್ಲ ಅದು ಸಿಗುತ್ತದೆ. ದಕ್ಷಿಣದ ವೀಲ್ಡ್ ಪ್ರದೇಶದ 'ಲೋಯರ್ ಗ್ರೀನ್‌ಸ್ಯಾಂಡ್' ಪದರದ ಚರ್ಟ್ ಎಂಬ ಶಿಲೆ ಹಾಗಲ್ಲ. ಎಸೆಕ್ಸ್‌ನ ಜಲ್ಲಿಯಲ್ಲಿ ಅದು ಕಂಡರೆ, ಮೆಡ್‌ವೇಯಂಥ ದಕ್ಷಿಣದ ಉಪನದಿ ಇಂದಿನ ಥೇಮ್ಸ್ ಅಳಿವೆಯ ಜಾಗವನ್ನು ದಾಟಿ ಉತ್ತರಕ್ಕೆ ಹರಿದಿತ್ತೆಂಬುದಕ್ಕೆ ಅದು ಸುಳಿವು.

ಈ ವಿಧಾನದ ನಿಜವಾದ ತೊಡಕು ಕಲ್ಲುಗಳ ಹಿಂದಿನ ಜನ್ಮದಲ್ಲಿದೆ. ಮಧ್ಯ ಇಂಗ್ಲೆಂಡಿನ ಕ್ವಾರ್ಟ್‌ಜೈಟ್ ಕಲ್ಲುಗಳನ್ನು ಉರುಟಾಗಿಸಿದ್ದು ಥೇಮ್ಸ್ ಅಲ್ಲ. ಸುಮಾರು 25 ಕೋಟಿ ವರ್ಷಗಳ ಹಿಂದಿನ ಟ್ರಯಾಸಿಕ್ ನದಿಗಳು. ಪೆಂಟೆಶಿಲೆಯಾಗಿ ಗಟ್ಟಿಗೊಂಡಿದ್ದ ಅವು ಸಡಿಲಗೊಂಡು ಮತ್ತೆ ಹೊಳೆಗೆ ಬಿದ್ದವು. ಹೀಗಾಗಿ ನುಣುಪನ್ನು ನೋಡಿ ದೂರವನ್ನು ಅಳೆಯಲಾಗದು. ಹಳೆಯ ಜಲ್ಲಿ ಕೊರೆದು ಹೊಸ ಜಲ್ಲಿಗೂ ಸೇರುತ್ತದೆ, ಹಿಮನದಿಯೂ ಕಲ್ಲು ಹೊರುತ್ತದೆ. ಒಂಟಿ ಕಲ್ಲಿನ ಮೇಲೆ ನದಿಪಥ ಎಳೆಯುವುದು ದುಡುಕು. ಹಲವು ನೆಲೆಗಳ ಪ್ರಮಾಣ, ಜಲ್ಲಿಹಾಸಿನ ಎತ್ತರ, ಇಳಿಜಾರು ಒಂದಕ್ಕೊಂದು ತಾಳೆಯಾಗಬೇಕು.

ಇದೇ ಬಗೆಯ ಎಣಿಕೆ ಬೈಥಮ್ ಎಂಬ ನದಿಯನ್ನೂ ಗುರುತಿಸಿತು. ಮಧ್ಯ ಇಂಗ್ಲೆಂಡಿನಿಂದ ಪೂರ್ವಕ್ಕೆ ಹರಿದಿದ್ದ ಅದನ್ನು, ಥೇಮ್ಸ್‌ನ ದಿಕ್ಕು ತಿರುಗಿಸಿದ ಅದೇ ಹಿಮಯುಗ ಅಳಿಸಿಹಾಕಿತು. ಇಂದು ಅಲ್ಲಿ ಆ ನದಿಯಿಲ್ಲ, ಅದರ ಜಲ್ಲಿ ಮತ್ತು ಮರಳು ಮಾತ್ರ ಇವೆ.